ಮೂರನೇ ದಿನದ ಫೋನಿಗೆ ದುಡ್ಡು ಯಾರು ಕೊಡ್ತಾರೆ? ಡಾಕ್ಟರು, ಆಸ್ಪತ್ರೆ ಜೊತೆಗೂಡುವಾಗ ಯಾವ ಪಾವತಿ ಪದ್ಧತಿ ಆರಿಸಬೇಕು

ದೊಡ್ಡಪ್ಪನ ಮಾತ್ರೆಗಳೆಲ್ಲ ಒಂದು ಜವಳಿ ಅಂಗಡಿಯ ಚೀಲದಲ್ಲಿ ಇರುತ್ತಿದ್ದವು. ಮಂಗಳೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕಟಪಾಡಿಯ ಮನೆಗೆ ಬಂದ ಐದನೇ ದಿನ, ಬೆಳಗಿನ ಜಾವ, ಬಚ್ಚಲಿನ ಬಾಗಿಲಲ್ಲಿ ತಲೆ ತಿರುಗಿ ಬಿದ್ದರು. ಹುಬ್ಬಿನ ಮೇಲೆ ಮೂರು ಹೊಲಿಗೆ. ನಾನು ಹೋದವನು ಆ ಚೀಲವನ್ನು ಮಂಚದ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿದೆ. ಊರಿನ ಡಾಕ್ಟರು ಎಷ್ಟೋ ವರ್ಷಗಳಿಂದ ಕೊಡುತ್ತಿದ್ದ ಬಿಪಿ ಮಾತ್ರೆ ಟೆಲ್ಮಿಸಾರ್ಟನ್. ಆಸ್ಪತ್ರೆಯವರು ಹೊಸದಾಗಿ ಬರೆದದ್ದು ಬೇರೆ ಕಂಪನಿಯ, ಬೇರೆ ಬಣ್ಣದ ಮಾತ್ರೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿದರೆ ಅದರಲ್ಲೂ ಟೆಲ್ಮಿಸಾರ್ಟನ್, ಜೊತೆಗೆ ಇನ್ನೊಂದು ಬಿಪಿ ಔಷಧ ಆಮ್ಲೋಡಿಪಿನ್. ದೊಡ್ಡಪ್ಪ ಶಿಸ್ತಿನ ಮನುಷ್ಯ. ಎರಡನ್ನೂ ತಪ್ಪದೆ ನುಂಗುತ್ತಿದ್ದರು, ಅಂದರೆ ಒಂದೇ ಬಿಪಿ ಔಷಧ ಎರಡೆರಡು ಸಲ.

ಇಬ್ಬರು ಡಾಕ್ಟರೂ ಬರೆದದ್ದು ಸರಿಯಾದ ಔಷಧವೇ. ಎರಡು ಚೀಟಿಯನ್ನು ಅಕ್ಕಪಕ್ಕ ಇಟ್ಟು ನೋಡುವವರು ಯಾರೂ ಇರಲಿಲ್ಲ, ಅಷ್ಟೇ.

ನಾನು ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರಿನಲ್ಲಿ, ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತೇ ತಲೆ ನರೆಸಿಕೊಂಡವನು. ಅಭ್ಯಾಸ ಬಲ, ಕೈ ಸೀದಾ ಬಿಲ್ಲಿನ ಕಡೆಗೆ ಹೋಯಿತು. ನಾಲ್ಕು ಪುಟ. ಗ್ಲೌಸಿಗೆ ಒಂದು ಸಾಲು, ಹತ್ತಿಗೆ ಒಂದು ಸಾಲು, ಫೈಲ್ ಚಾರ್ಜಿಗೆ ಒಂದು ಸಾಲು. ಮನೆಗೆ ಹೋದ ಮೂರನೇ ದಿನ ಫೋನ್ ಮಾಡಿ ‘ಯಾವ ಯಾವ ಮಾತ್ರೆ ತಗೊಳ್ತಿದ್ದೀರಿ, ಒಮ್ಮೆ ಓದಿ ಹೇಳಿ’ ಅಂತ ಕೇಳುವುದಕ್ಕೆ ಯಾವ ಸಾಲೂ ಇಲ್ಲ. ಬಿಲ್ಲಿನಲ್ಲಿ ಸಾಲಿಲ್ಲದ ಕೆಲಸಕ್ಕೆ ಆಸ್ಪತ್ರೆಯಲ್ಲಿ ಆಳೂ ಇರುವುದಿಲ್ಲ.

ಮೊನ್ನೆ ಉಡುಪಿಯ ಕೆಲವು ಡಾಕ್ಟರು ಕರೆದಾಗ ನನಗೆ ನೆನಪಾದದ್ದು ಅದೇ. ಒಂದು 40 ಹಾಸಿಗೆಯ ನರ್ಸಿಂಗ್ ಹೋಂ, ಒಬ್ಬರು ಫಿಸಿಶಿಯನ್, ಒಬ್ಬರು ಮೂಳೆ ಡಾಕ್ಟರು, ಇಬ್ಬರು ಫ್ಯಾಮಿಲಿ ಡಾಕ್ಟರು, ಒಂದು ಲ್ಯಾಬು, ಒಬ್ಬರು ಫಿಸಿಯೋಥೆರಪಿಸ್ಟ್. ಶುಗರು, ಬಿಪಿ, ಮಂಡಿ ನೋವಿನ ರೋಗಿಗಳನ್ನು ಒಟ್ಟಿಗೆ ನೋಡಿಕೊಳ್ಳೋಣ, ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಿರಲಿ ಅಂತ ಅವರ ಆಸೆ. ಮನಸ್ಸು ಎಲ್ಲರಿಗೂ ಇದೆ. ದುಡ್ಡನ್ನು ಹೇಗೆ ತಗೊಳ್ಳುವುದು, ಹೇಗೆ ಹಂಚುವುದು ಅನ್ನುವಲ್ಲಿ ಗಾಡಿ ನಿಂತಿತ್ತು. ಅವರಿಗಾಗಿ ಮಾಡಿಕೊಂಡ ಟಿಪ್ಪಣಿಯೇ ಈ ಬರಹ. ಕಾರ್ಮಿಕರಿಗೆ ಚಿಕಿತ್ಸೆಯ ಏರ್ಪಾಡು ಮಾಡಬೇಕಾದ ಗೋಡಂಬಿ ಫ್ಯಾಕ್ಟರಿಯವರಿಗೂ ಸದಸ್ಯರಿಗಾಗಿ ಆಸ್ಪತ್ರೆ ಜೊತೆ ಮಾತಾಡುವ ಸಹಕಾರಿ ಸಂಘದವರಿಗೂ ಇದು ಉಪಯೋಗಕ್ಕೆ ಬಂದೀತು.

ಪ್ರತಿ ಪದ್ಧತಿಗೂ ನಾನು ಕೇಳುವ ಪ್ರಶ್ನೆ ಒಂದೇ. ಈ ಪದ್ಧತಿಯಲ್ಲಿ ಆ ಮೂರನೇ ದಿನದ ಫೋನನ್ನು ಯಾರು ಮಾಡುತ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ?

ಇದನ್ನು ಕೇಳಿದ ಕೂಡಲೇ ಹಿರಿಯ ಫ್ಯಾಮಿಲಿ ಡಾಕ್ಟರು ನಕ್ಕರು. “ಅಲ್ಲ ಮಾರಾಯ್ರೆ, ಒಂದು ಫೋನ್ ಮಾಡ್ಲಿಕ್ಕೆ ಎಂತದು ದುಡ್ಡು? ನಾವು ಮೊದ್ಲಿಂದ ಸುಮ್ನೆ ಮಾಡ್ತಾ ಬಂದಿಲ್ವಾ?”

“ಮಾಡ್ತೀರಿ ಡಾಕ್ಟ್ರೇ. ಎಷ್ಟು ಜನರಿಗೆ?”

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, “ನೆನಪಾದವರಿಗೆ.”

ಬಿಡಿ ಬಿಲ್ಲು: ಮಾಡಿದ ಕೆಲಸಕ್ಕೆ ಕಾಸು

ಇದು ನಮಗೆಲ್ಲ ಗೊತ್ತಿರುವ ಪದ್ಧತಿ. ನೋಡಿದ್ದಕ್ಕೆ ಫೀಸು, ಪರೀಕ್ಷೆಗೆ ಬೇರೆ, ಹಾಸಿಗೆಗೆ ಬೇರೆ. ಮನೆ ಕಟ್ಟಿಸಿದವರಿಗೆ ದಿನಗೂಲಿ, ಗುತ್ತಿಗೆ ಎರಡರ ಗುಣವೂ ಗೊತ್ತು. ಇದು ದಿನಗೂಲಿ. ಕೆಲಸ ನೀಟಾಗಿ ಆಗುತ್ತದೆ, ಆದರೆ ಬೇಗ ಮುಗಿಸುವ ಅವಸರ ಯಾರಿಗೂ ಇರುವುದಿಲ್ಲ.

ಹಾಗಂತ ಇದನ್ನು ಸುಮ್ನೆ ಬೈಯುವುದು ಸರಿಯಲ್ಲ. ಮಳೆಗಾಲ ಶುರುವಾದರೆ ನಮ್ಮ ಕರಾವಳಿಯಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರದ ಸರತಿ. ಜ್ವರ ಬಂತು, ರಕ್ತ ಪರೀಕ್ಷೆ ಆಯಿತು, ನಾಲ್ಕು ದಿನ ಮಲಗಿದರು, ಗುಣವಾಗಿ ಹೋದರು. ಇಂಥ ಒಮ್ಮೆಗೆ ಮುಗಿಯುವ ಕಾಯಿಲೆಗೆ ಬಿಡಿ ಬಿಲ್ಲಿಗಿಂತ ಸರಳವಾದದ್ದು ಇಲ್ಲ. ಕಷ್ಟ ಬರುವುದು ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗಳಿಗೆ. ಶುಗರಿನವರು ಮಂಗಳೂರಿನಲ್ಲಿ ಹೋದ ವಾರ ಮಾಡಿಸಿದ ರಕ್ತ ಪರೀಕ್ಷೆಯನ್ನು ಉಡುಪಿಯಲ್ಲಿ ಮತ್ತೆ ಮಾಡಿಸುತ್ತಾರೆ. ಹಳೆ ರಿಪೋರ್ಟು ತರಿಸಿ ನೋಡಿದರೆ ಡಾಕ್ಟರಿಗೆ ಅರ್ಧ ಗಂಟೆ ದಂಡ. ಹೊಸದಾಗಿ ಮಾಡಿಸಿದರೆ ಲ್ಯಾಬಿಗೆ ಬಿಲ್ಲು.

ಫೋನಿನ ಕಥೆ? ಈ ಪದ್ಧತಿಯೊಳಗೇ ಅದಕ್ಕೊಂದು ಸಾಲು ಹಾಕಬಹುದು. ಅಮೆರಿಕದಲ್ಲಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ಅದನ್ನೇ ಮಾಡಿತು. 2013ರಿಂದ, ಡಿಸ್ಚಾರ್ಜ್ ಆದ ಎರಡು ಕೆಲಸದ ದಿನಗಳೊಳಗೆ ರೋಗಿಯನ್ನು ಸಂಪರ್ಕಿಸಿ, ಕಾಯಿಲೆಯ ತೀವ್ರತೆ ನೋಡಿಕೊಂಡು 7 ಅಥವಾ 14 ದಿನದೊಳಗೆ ಎದುರಲ್ಲಿ ಕಂಡರೆ ಡಾಕ್ಟರಿಗೆ ಪ್ರತ್ಯೇಕ ಹಣ. 2015ರ ಜನವರಿಯಿಂದ ಇನ್ನೊಂದು ಸಾಲು ಸೇರಿತು. ಎರಡು ಅಥವಾ ಹೆಚ್ಚು ದೀರ್ಘ ಕಾಯಿಲೆ ಇರುವವರಿಗಾಗಿ, ರೋಗಿ ಎದುರಿಗೆ ಇಲ್ಲದಿದ್ದರೂ, ತಿಂಗಳಿಗೆ ಕನಿಷ್ಠ 20 ನಿಮಿಷ ಕೆಲಸ ಮಾಡಿದರೆ ಅದಕ್ಕೂ ಹಣ. ಆದರೆ ಆ ಹಣದ ಒಂದು ಪಾಲು ರೋಗಿಯ ಜೇಬಿನಿಂದಲೂ ಹೋಗಬೇಕು. ಡಾಕ್ಟರನ್ನು ನೋಡದೆ ಬಿಲ್ಲು ಬಂದರೆ ಯಾರಿಗೆ ಖುಷಿ?

ನಮ್ಮಲ್ಲಿ ಇದನ್ನು ಮಾಡುವುದಾದರೆ ರೋಗಿಗೆ ಮೊದಲೇ ಹೇಳಿ ಬಿಲ್ಲಿನಲ್ಲಿ ‘ಫಾಲೋ ಅಪ್’ ಅಂತ ಬರೆದು ತಗೊಳ್ಳಬೇಕು. ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ, ಅಂದರೆ ಕೆಪಿಎಂಇ, ದರಗಳು ರೋಗಿಗೆ ಕಾಣುವಂತೆ ಇರಬೇಕು ಅನ್ನುತ್ತದೆ. ಆ ಬೋರ್ಡಿನಲ್ಲೇ ಇದೂ ಇರಲಿ. ವಿಮೆ ಕಂಪನಿ ಇದನ್ನು ಕೊಡುತ್ತದೆ ಅಂತ ನಂಬಿ ಕೂರಬೇಡಿ. ಗ್ಲೌಸಿನ ದುಡ್ಡನ್ನೇ ಕತ್ತರಿಸುವವರು ಫೋನಿಗೆ ಕೊಡುತ್ತಾರಾ? ಅವರ ಡಿಸ್ಚಾರ್ಜ್ ಅನುಮತಿಗೆ ಸಂಜೆವರೆಗೆ ಕಾಯುವುದು ನಮ್ಮ ನಿತ್ಯದ ಗೋಳಾಗಿತ್ತು. 2024ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆ ಅಂತ ಗಡುವು ಹಾಕಿದೆ. ಸರಿ, ಇದು ಬೇರೆ ವಿಷಯ.

ಪ್ಯಾಕೇಜು: ಒಂದು ಕಾಯಿಲೆಗೆ ಒಂದು ದರ

ಇದು ಗುತ್ತಿಗೆ. ಹರ್ನಿಯಾ ಆಪರೇಶನ್ನಿಗೆ ಇಷ್ಟು, ಸ್ಟೆಂಟಿಗೆ ಇಷ್ಟು. ಮೂರು ದಿನ ಇಟ್ಟುಕೊಂಡರೂ ಅಷ್ಟೇ, ಆರು ದಿನ ಇಟ್ಟುಕೊಂಡರೂ ಅಷ್ಟೇ. ಅಮೆರಿಕದ ಮೆಡಿಕೇರ್ 1983ರಲ್ಲಿ ಇದಕ್ಕೆ ಬದಲಾಯಿತು. ಕಾಯಿಲೆಗಳನ್ನು ಗುಂಪು ಮಾಡಿ, ಗುಂಪಿಗೊಂದು ದರ ಕಟ್ಟಿತು. ಆಮೇಲೆ ಅಲ್ಲಿ ರೋಗಿಗಳು ಆಸ್ಪತ್ರೆಯಲ್ಲಿ ಇರುವ ದಿನಗಳು ಕಡಿಮೆಯಾದವು.

ನಮ್ಮವರಿಗೂ ಇದು ಹೊಸದಲ್ಲ. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕೆಲಸ ಶುರು ಮಾಡಿದ ಯಶಸ್ವಿನಿ ಯೋಜನೆ ನಡೆದದ್ದೇ ಮೊದಲೇ ನಿಗದಿಯಾದ ಆಪರೇಶನ್ ದರಗಳ ಮೇಲೆ. ಅದರ ಹಿಂದೆ ಇದ್ದವರಲ್ಲಿ ಡಾ. ದೇವಿ ಶೆಟ್ಟಿ ಒಬ್ಬರು, ನಮ್ಮ ಕಿನ್ನಿಗೋಳಿಯವರು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್, ಆರೋಗ್ಯ ಕರ್ನಾಟಕ ಕೂಡ ಪ್ಯಾಕೇಜಿನ ಮೇಲೆಯೇ ನಿಂತಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ತುರ್ತಿಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡು ನೆನಪಾಗುವುದು ಇದಕ್ಕೇ.

ಆಯುಷ್ಮಾನ್ ಪ್ಯಾಕೇಜಿನಲ್ಲಿ ಆಸ್ಪತ್ರೆಗೆ ಸೇರುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧ, ಪರೀಕ್ಷೆ ಕೂಡ ಸೇರಿವೆ. ಅಂದರೆ ಮೂರನೇ ದಿನ ಕಾಗದದ ಮೇಲಂತೂ ಪ್ಯಾಕೇಜಿನ ಒಳಗೇ ಬಂತು. ಫೋನ್ ಬರುತ್ತದಾ? ಅದು ಇನ್ನೊಂದು ಷರತ್ತಿನ ಮೇಲಿದೆ. ಅದೇ ತೊಂದರೆಗೆ ರೋಗಿ ಹತ್ತನೇ ದಿನ ವಾಪಸ್ ಬಂದರೆ ಆಸ್ಪತ್ರೆಗೆ ಹೊಸ ಪ್ಯಾಕೇಜು ಸಿಗುತ್ತದಾ, ಹಳೆಯದರಲ್ಲೇ ನೋಡಬೇಕಾ? ಹೊಸದು ಸಿಗುವುದಾದರೆ ಫೋನ್ ಮಾಡುವ ಗರಜು ಯಾರಿಗೂ ಇಲ್ಲ. ಹಳೆಯದರಲ್ಲೇ ಅಂದರೆ ಮ್ಯಾನೇಜರೇ ಸಿಸ್ಟರಿಗೆ ಫೋನ್ ನಂಬರು ಬರೆದು ಕೊಡುತ್ತಾರೆ. ಪ್ಯಾಕೇಜಿನ ಒಪ್ಪಂದ ಯಾರು ತಂದರೂ ಮೊದಲು ಆ ಪುಟ ತೆಗೆಯಿರಿ. ದರದ ಪಟ್ಟಿ ಆಮೇಲೆ ನೋಡಿದರೂ ಆದೀತು.

ಅಮೆರಿಕದವರು ಇದಕ್ಕೆ ದಂಡವನ್ನೇ ಹಾಕಿದರು. ಹೃದಯದ ತೊಂದರೆಯಂಥ ಕೆಲವು ಕಾಯಿಲೆಗಳಲ್ಲಿ 30 ದಿನದೊಳಗೆ ಮತ್ತೆ ದಾಖಲಾಗುವವರು ಲೆಕ್ಕಕ್ಕಿಂತ ಜಾಸ್ತಿ ಇದ್ದರೆ, ಆ ಆಸ್ಪತ್ರೆಗೆ ಕೊಡುವ ಹಣದಲ್ಲಿ ಕಡಿತ. 2012ರ ಅಕ್ಟೋಬರಿನಲ್ಲಿ ಶುರು. ಈಗ ಶೇ. 3ರವರೆಗೆ ಕತ್ತರಿ ಹಾಕಬಹುದು.

ಚಿಕ್ಕ ನರ್ಸಿಂಗ್ ಹೋಮಿಗೆ ಪ್ಯಾಕೇಜಿನಲ್ಲಿ ಒಂದು ಅಪಾಯವಿದೆ. ದರ ಸರಾಸರಿ ರೋಗಿಗೆ ಕಟ್ಟಿದ್ದು. ದೊಡ್ಡ ಆಸ್ಪತ್ರೆಗೆ ಸುಲಭದ ಕೇಸು, ಕಷ್ಟದ ಕೇಸು ಎರಡೂ ಬಂದು ಸಮ ಆಗುತ್ತದೆ. ತಿಂಗಳಿಗೆ ಎಂಟು ಕೇಸು ಮಾಡುವವರಿಗೆ ಒಬ್ಬರು ಐಸಿಯುವಿನಲ್ಲಿ ಹತ್ತು ದಿನ ಮಲಗಿದರೆ ಆ ತಿಂಗಳು ಮುಗಿದ ಹಾಗೆ.

ಕಂತೆ: ಆಪರೇಶನ್ನಿನಿಂದ ನಡೆದಾಡುವವರೆಗೆ

ಜೊತೆಗೂಡಿ ಕೆಲಸ ಮಾಡಬೇಕು ಅನ್ನುವವರಿಗೆ ನನಗೆ ಹೆಚ್ಚು ಇಷ್ಟವಾದದ್ದು ಇದು. ಪ್ಯಾಕೇಜು ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತದೆ. ಕಂತೆ ರೋಗಿಯ ಮನೆವರೆಗೆ ಹೋಗುತ್ತದೆ. ಸರ್ಜನ್, ಆಸ್ಪತ್ರೆ, ಫಿಸಿಯೋ, ಲ್ಯಾಬು, ಊರಿನ ಡಾಕ್ಟರು ಎಲ್ಲರಿಗೂ ಸೇರಿ ಒಂದೇ ಮೊತ್ತ. ಒಳಗೆ ಹಂಚಿಕೊಳ್ಳುವುದು ಅವರವರ ಕೆಲಸ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗೈಸಿಂಗರ್ ಅನ್ನುವ ಆಸ್ಪತ್ರೆ ಸಮೂಹ 2006ರಲ್ಲಿ ಬೈಪಾಸ್ ಆಪರೇಶನ್ನಿಗೆ ಒಂದೇ ದರ ಇಟ್ಟಿತು. ಆಪರೇಶನ್ ಆದ 90 ದಿನದೊಳಗೆ ಅದಕ್ಕೆ ಸಂಬಂಧಿಸಿದ ತೊಂದರೆ ಬಂದರೆ ಖರ್ಚು ಆಸ್ಪತ್ರೆಯದೇ. ಮಿಕ್ಸಿಗೆ ವಾರಂಟಿ ಕೊಟ್ಟ ಹಾಗೆ. 2016ರಲ್ಲಿ ಮೆಡಿಕೇರ್ ಕೂಡ ಹಲವು ಕಡೆಯ ಆಸ್ಪತ್ರೆಗಳಿಗೆ ಮಂಡಿ, ಸೊಂಟದ ಕೀಲು ಬದಲಾವಣೆಯಲ್ಲಿ ಇಂಥದ್ದೇ 90 ದಿನದ ಹೊಣೆ ಹೊರಿಸಿತು. ನೆದರ್‌ಲ್ಯಾಂಡ್ಸಿನವರು 2007ರಲ್ಲಿ ಶುಗರಿಗೆ ಇದನ್ನು ಪ್ರಯೋಗ ಮಾಡಿದರು. ಅಲ್ಲಿ ವಿಮೆ ಕಂಪನಿ ಡಾಕ್ಟರುಗಳ ಒಂದು ಕೂಟಕ್ಕೆ ರೋಗಿಗೆ ವರ್ಷಕ್ಕಿಷ್ಟು ಅಂತ ಕೊಡುತ್ತದೆ. ಫ್ಯಾಮಿಲಿ ಡಾಕ್ಟರು, ಪಥ್ಯ ಹೇಳುವವರು, ಲ್ಯಾಬು, ಕಣ್ಣಿನ ಪರೀಕ್ಷೆ ಎಲ್ಲವನ್ನೂ ಆ ಕೂಟವೇ ಗೊತ್ತು ಮಾಡುತ್ತದೆ. ಒಂದು ಜಾಣತನ ಗಮನಿಸಿ. ಆಸ್ಪತ್ರೆಗೆ ದಾಖಲಾಗುವ ಖರ್ಚನ್ನು ಅವರು ಕಂತೆಯಿಂದ ಹೊರಗೆ ಇಟ್ಟರು.

ಉಡುಪಿಯ ಕೂಟಕ್ಕೆ ಒಂದು ಮಂಡಿ ಬದಲಾವಣೆಯ ಲೆಕ್ಕ ಹಾಳೆಯ ಮೇಲೆ ಬರೆದು ತೋರಿಸಿದೆ. ಅಂಕಿ ಎಲ್ಲ ಉದಾಹರಣೆಗೆ ಇಟ್ಟುಕೊಂಡದ್ದು. ಒಟ್ಟು 1,80,000 ರೂಪಾಯಿ ಅನ್ನೋಣ. ಓಟಿ, ಹಾಸಿಗೆ, ನರ್ಸಿಂಗಿಗೆ 70,000. ಇಂಪ್ಲಾಂಟಿಗೆ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿಗೆ, 60,000. ಇದರ ಬೆಲೆಗೆ 2017ರ ಆಗಸ್ಟಿನಿಂದ ಕೇಂದ್ರ ಸರ್ಕಾರದ ಮಿತಿ ಇರುವುದರಿಂದ ಅಂದಾಜು ಮಾಡುವುದು ಸುಲಭ. ಸರ್ಜನ್ ಮತ್ತು ಅರಿವಳಿಕೆ ಡಾಕ್ಟರಿಗೆ 30,000. ಮನೆಗೆ ಹೋಗಿ ಹನ್ನೆರಡು ಸಲ ಫಿಸಿಯೋ, ಸಲಕ್ಕೆ 600ರಂತೆ 7,200. ಊರಿನ ಡಾಕ್ಟರು ಎರಡು ಸಲ ನೋಡುವುದಕ್ಕೆ 1,000. ಫೋನ್ ಮಾಡುವ, ಗಾಯದ ಫೋಟೋ ತರಿಸಿ ನೋಡುವ ಸಿಸ್ಟರಿಗೆ 2,800. ಉಳಿದ 9,000 ಮುಟ್ಟಬಾರದ ಹಣ.

ಮೂಳೆ ಡಾಕ್ಟರು ಪೆನ್ನಿನ ತುದಿಯಿಂದ ಆ 9,000ಕ್ಕೆ ತಟ್ಟಿ, “ಇದು ಯಾಕೆ?” ಅಂದರು. ಸೋಂಕಾಗಿ ಒಂದು ಮಂಡಿ ಮತ್ತೆ ತೆರೆಯಬೇಕಾದರೆ ಒಂದು ಲಕ್ಷ ಖರ್ಚು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 30 ಮಂಡಿ ಮಾಡಿದರೆ ಈ ಹುಂಡಿಯಲ್ಲಿ 2.7 ಲಕ್ಷ ಇರುತ್ತದೆ. ಅಂಥ ಎರಡು ಕೇಸು ತಡೆದುಕೊಳ್ಳುತ್ತದೆ. ಮೂರನೆಯದು ಬಂದರೆ ಎಲ್ಲರೂ ಜೇಬಿಗೆ ಕೈ ಹಾಕಬೇಕು. ಅವರು ಏನೂ ಹೇಳಲಿಲ್ಲ. ಆದರೆ ಮರುದಿನ ಗಾಯದ ಡ್ರೆಸ್ಸಿಂಗ್ ಯಾರು ನೋಡುತ್ತಾರೆ ಅಂತ ಅವರೇ ಫೋನ್ ಮಾಡಿ ಕೇಳಿದರು. ಆ ಪ್ರಶ್ನೆ ಅವರ ಬಾಯಿಂದ ನಾನು ಹಿಂದೆ ಕೇಳಿದ್ದಿಲ್ಲ.

ಇದರಲ್ಲೂ ಕಲ್ಲು ಮುಳ್ಳು ಇವೆ. ಮೊದಲನೆಯದು, ಹಣ ಯಾರ ಖಾತೆಗೆ ಬರುತ್ತದೆ? ಖಾತೆ ಹಿಡಿದವರೇ ಯಜಮಾನರಾಗುತ್ತಾರೆ. ಎರಡನೆಯದು, ಹಂಚಿಕೆ ಕಮಿಷನ್ ಆಗಬಾರದು. ರೋಗಿಯನ್ನು ಕಳಿಸಿದ್ದಕ್ಕೆ ಹಣ ಕೊಡುವುದೂ ತಗೊಳ್ಳುವುದೂ 2002ರ ವೈದ್ಯಕೀಯ ನಡತೆ ನಿಯಮಗಳಲ್ಲಿ ನಿಷಿದ್ಧ. ಊರಿನ ಡಾಕ್ಟರಿಗೆ ಹೋಗುವ 1,000 ಅವರು ನಿಜವಾಗಿ ನೋಡಿದ ಎರಡು ಭೇಟಿಗೆ ಆಗಿರಬೇಕು, ದಾಖಲೆಯೂ ಇರಬೇಕು. ‘ಕಳಿಸಿದ್ದಕ್ಕೆ’ ಅಂದರೆ ಅದು ಹಳೆಯ ‘ಕಟ್’, ಹೊಸ ಕವರಿನಲ್ಲಿ. ಮೂರನೆಯದು, ದೂರ. ಮಣಿಪಾಲದ ಮಂಡಿಗೆ ಫಿಸಿಯೋ ಹನ್ನೆರಡು ಸಲ ಹೋಗಬಹುದು. ಬೈಂದೂರಿನ ಒಳಗಿನ ಮನೆಗೆ ಅದೇ 600ಕ್ಕೆ ಯಾರು ಹೋಗುತ್ತಾರೆ? ಅಂಥವರಿಗೆ ಬೇರೆ ದರ ಇಡಿ, ಇಲ್ಲವೇ ಅಲ್ಲಿನ ಫಿಸಿಯೋವನ್ನೇ ಕೂಟಕ್ಕೆ ಸೇರಿಸಿಕೊಳ್ಳಿ. ಇದನ್ನು ಬಿಟ್ಟರೆ ಪೇಟೆಯ, ಗಟ್ಟಿಮುಟ್ಟಾದ, ಬೇರೆ ಕಾಯಿಲೆ ಇಲ್ಲದ ರೋಗಿಗಳಿಗೆ ಮಾತ್ರ ‘ಬನ್ನಿ’ ಅನ್ನುವ ಚಾಳಿ ಶುರುವಾಗುತ್ತದೆ.

ತಲೆಗಿಷ್ಟು: ಕಾಯಿಲೆ ಬಂದರೂ ಬಾರದಿದ್ದರೂ

ಇಲ್ಲಿ ಡಾಕ್ಟರಿಗೆ ತಿಂಗಳಿಗೆ ತಲೆಗಿಷ್ಟು ಹಣ. ಜನ ಹತ್ತು ಸಲ ಬರಲಿ, ಬಾರದೇ ಇರಲಿ. ಬ್ರಿಟನ್ನಿನ ಫ್ಯಾಮಿಲಿ ಡಾಕ್ಟರುಗಳ ಆದಾಯದ ಬುಡ ಇದೇ. 1948ರಲ್ಲಿ ಅವರ ಸರ್ಕಾರಿ ಆರೋಗ್ಯ ಸೇವೆ ಶುರುವಾಗುವುದಕ್ಕೂ ಮೊದಲಿನಿಂದ ಬಂದ ಪದ್ಧತಿ. ಕಾರ್ಮಿಕರಿಗಿರುವ ನಮ್ಮ ಸರ್ಕಾರಿ ವಿಮೆ ಇಎಸ್‌ಐನಲ್ಲೂ ಕೆಲವು ಕಡೆ ಪ್ಯಾನೆಲ್ ಡಾಕ್ಟರುಗಳಿಗೆ ಹೀಗೇ ತಲೆ ಲೆಕ್ಕದಲ್ಲಿ ಕೊಡುತ್ತಾರೆ.

ಫೋನಿನ ಪರೀಕ್ಷೆಯಲ್ಲಿ ಇದು ಸುಲಭವಾಗಿ ಪಾಸು. ರೋಗಿ ಬಾರದಷ್ಟೂ ಡಾಕ್ಟರಿಗೆ ಲಾಭ. ಹಾಗಾಗಿ ಫೋನ್, ವಾಟ್ಸಾಪ್ ಎಲ್ಲ ತಾನಾಗಿ ಬರುತ್ತವೆ. ಭಯ ಇರುವುದು ಆಚೆ ಬದಿಯಲ್ಲಿ. ಬಂದು ತೋರಿಸಬೇಕಾದವರಿಗೂ ಫೋನಿನಲ್ಲೇ ಮುಗಿಸಿಬಿಟ್ಟರೆ?

ನರ್ಸಿಂಗ್ ಹೋಮಿನವರಿಗೆ ಇದರ ಮೇಲೆ ಕಣ್ಣಿತ್ತು. ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ‘ತಿಂಗಳಿಗೆ ಇಷ್ಟು ಕೊಡ್ತೇವೆ, ಎಲ್ಲ ನೀವೇ ನೋಡಿಕೊಳ್ಳಿ’ ಅಂದಿದ್ದರಂತೆ. ನಾನು ಲೆಕ್ಕ ಹಾಕಿದೆ. 600 ಜನ, ತಲೆಗೆ ತಿಂಗಳಿಗೆ 150. ವರ್ಷಕ್ಕೆ 10.8 ಲಕ್ಷ. ಸಣ್ಣಪುಟ್ಟ ಕಾಯಿಲೆ, ಬಿಪಿ, ಶುಗರು ನೋಡುವುದಕ್ಕೆ ಇದು ಸಾಲಬಹುದು. ಆಸ್ಪತ್ರೆ ಖರ್ಚೂ ಸೇರಿದರೆ, 1.5 ಲಕ್ಷದ ಆರು ಸ್ಟೆಂಟಿಗೆ 9 ಲಕ್ಷ ಹೋಯಿತು. 600 ಜನರಲ್ಲಿ ಯಾವ ವರ್ಷ ಆರು, ಯಾವ ವರ್ಷ ಒಂದು ಅಂತ ಹೇಳುವವರು ಯಾರು? ಲಕ್ಷ ಜನ ಇದ್ದರೆ ಸರಾಸರಿ ನಿಲ್ಲುತ್ತದೆ. 600ರಲ್ಲಿ ನಿಲ್ಲುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು ಕಾನೂನಿನದು. ಮುಂದೆ ಬರಬಹುದಾದ ಆಸ್ಪತ್ರೆ ಖರ್ಚನ್ನು ನಾವು ಹೊರುತ್ತೇವೆ ಅಂತ ಮೊದಲೇ ಹಣ ಎತ್ತಿದರೆ ಅದು ವಿಮೆಯ ವ್ಯವಹಾರ. ವಿಮೆ ನಡೆಸಲು ಐಆರ್‌ಡಿಎಐ ನೋಂದಣಿ ಬೇಕು. ನಿಮ್ಮದೇ ಕೈಯಲ್ಲಿರುವ, ಎಣಿಸಬಹುದಾದ ಸೇವೆಗೆ ವರ್ಷದ ಹಣ ತಗೊಳ್ಳುವುದು ಬೇರೆ, ಅಪಾಯ ಹೊರುವುದು ಬೇರೆ. ಈ ಗೆರೆ ದಾಟುವ ಮುಂಚೆ ವಕೀಲರನ್ನು ಕೇಳಿ. ನನ್ನನ್ನು ಕೇಳಿದರೆ ದಾಟಲೇಬೇಡಿ.

ಸಂಬಳ, ವರ್ಷದ ಬಜೆಟ್ಟು

ಇದನ್ನು ಬೇಗ ಮುಗಿಸುತ್ತೇನೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ಸಂಬಳ, ಆಸ್ಪತ್ರೆಗೆ ಬಜೆಟ್ಟು. ರೋಗಿಯನ್ನು ಎಳೆದುಕೊಳ್ಳುವ ಅವಸರವೂ ಇಲ್ಲ, ಫೋನ್ ಮಾಡಿ ನೆನಪಿಸುವ ಅವಸರವೂ ಇಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2014ರಿಂದ ಆಸ್ಪತ್ರೆಗಳ ವರ್ಷದ ಆದಾಯವನ್ನೇ ಮೊದಲೇ ಕಟ್ಟಿಬಿಟ್ಟಿದೆ. ಹಾಸಿಗೆ ತುಂಬಿದರೂ ಅಷ್ಟೇ, ಖಾಲಿ ಇದ್ದರೂ ಅಷ್ಟೇ. ರೋಗಿ ಮನೆಯಲ್ಲೇ ಚೆನ್ನಾಗಿರಲಿ ಅಂತ ಆಸ್ಪತ್ರೆ ಬಯಸುವ ಹಾಗೆ ಮಾಡಲು ಇದು ಗಟ್ಟಿ ದಾರಿ. ಆದರೆ ವಿಮೆ ಕಂಪನಿಗಳೂ ಸರ್ಕಾರವೂ ಎಲ್ಲರೂ ಒಂದೇ ದರಕ್ಕೆ ಒಪ್ಪಿದರೆ ಮಾತ್ರ ಇದು ನಡೆಯುತ್ತದೆ. ನಾಲ್ಕು ಜನ ಡಾಕ್ಟರು ಕೂತು ಆರಿಸಿಕೊಳ್ಳುವಂಥದ್ದಲ್ಲ.

ಕೂಟದೊಳಗೆ ಒಬ್ಬರಿಗೆ ಮಾತ್ರ ಸಂಬಳವೇ ಸರಿ. ಫೋನ್ ಮಾಡುವ ಸಿಸ್ಟರಿಗೆ. ಫೋನಿಗೆ ಇಷ್ಟು ಅಂತ ಕೊಟ್ಟರೆ ‘ಹೇಗಿದ್ದೀರಿ, ಆರಾಮಾ’ ಅಂತ ಅರ್ಧ ನಿಮಿಷದ ನೂರು ಫೋನ್ ಆಗುತ್ತವೆ.

ಗುಣಕ್ಕೆ ಬಹುಮಾನ, ಉಳಿತಾಯದಲ್ಲಿ ಪಾಲು

ಬ್ರಿಟನ್ 2004ರಲ್ಲಿ ಫ್ಯಾಮಿಲಿ ಡಾಕ್ಟರುಗಳಿಗೆ ಅಂಕದ ಪದ್ಧತಿ ತಂದಿತು. ಶುಗರು ಹತೋಟಿ, ಬಿಪಿ ದಾಖಲೆ ಹೀಗೆ ಒಂದೊಂದಕ್ಕೆ ಅಂಕ, ಅಂಕಕ್ಕೆ ಹಣ. ದಾಖಲೆ ಇಡುವುದು ಸುಧಾರಿಸಿತು. ಆಮೇಲೆ 2014ರಲ್ಲಿ ಕೆಲವು ಅಂಕಗಳನ್ನು ತೆಗೆದಾಗ ಆ ಕೆಲಸಗಳ ದಾಖಲೆ ಇಳಿದುಬಿಟ್ಟಿತು. ಸ್ಕಾಟ್ಲೆಂಡ್ 2016ರಲ್ಲಿ ಪದ್ಧತಿಯನ್ನೇ ಕೈಬಿಟ್ಟಿತು. ನಮ್ಮ ಫಿಸಿಶಿಯನ್ನರ ತಕರಾರು ಇನ್ನೂ ಸರಳ. “ಮೂರು ತಿಂಗಳ ಸಕ್ಕರೆ ಸರಾಸರಿ, ಎಚ್‌ಬಿಎ1ಸಿ, ಅದಕ್ಕೆ ನಂಗೆ ಬಹುಮಾನ ಅಂತೀರಿ. ರೋಗಿ ಮೂರು ಹೊತ್ತೂ ಕುಚ್ಚಲಕ್ಕಿ ಅನ್ನ ಉಣ್ತಾರೆ, ಬೇಡ ಅಂದ್ರೆ ಕ್ಲಿನಿಕ್ ಬದಲಿಸ್ತಾರೆ. ನಾನೆಂತ ಮಾಡ್ಲಿ?” ಒಪ್ಪಬೇಕಾದ ಮಾತು. ಹಾಗಾಗಿ ಬಹುಮಾನ ಇಡುವುದಾದರೆ ಡಾಕ್ಟರ ಕೈಯಲ್ಲಿರುವ ಕೆಲಸಕ್ಕೆ ಇಡಿ. ವರ್ಷಕ್ಕೊಮ್ಮೆ ಪಾದ ನೋಡಿದ್ದಾರಾ, ಕಣ್ಣಿನ ಪರೀಕ್ಷೆಗೆ ಕಳಿಸಿದ್ದಾರಾ, ಮಾತ್ರೆ ಪಟ್ಟಿ ತಾಳೆ ನೋಡಿದ್ದಾರಾ.

ಉಳಿತಾಯದಲ್ಲಿ ಪಾಲು ಅನ್ನುವುದು ಕೇಳಲು ಬಹಳ ಚೆಂದ. ಅಮೆರಿಕದಲ್ಲಿ 2012ರಿಂದ ನಡೆಯುತ್ತಿದೆ. ಡಾಕ್ಟರು, ಆಸ್ಪತ್ರೆಗಳ ಕೂಟ ತನ್ನ ರೋಗಿಗಳ ಒಟ್ಟು ಖರ್ಚನ್ನು ಗುರಿಗಿಂತ ಕೆಳಗೆ ಇಟ್ಟು, ಗುಣಮಟ್ಟವನ್ನೂ ಕಾಪಾಡಿದರೆ, ಉಳಿದದ್ದರಲ್ಲಿ ಪಾಲು. ಆದರೆ ಅದಕ್ಕೆ ಕನಿಷ್ಠ 5,000 ರೋಗಿಗಳು ಬೇಕು, ಎಲ್ಲರ ಖರ್ಚೂ ಒಬ್ಬನೇ ಪಾವತಿದಾರನ ಪುಸ್ತಕದಲ್ಲಿ ಇರಬೇಕು. ನಮ್ಮಲ್ಲಿ ಒಬ್ಬರೇ ರೋಗಿ ಜ್ವರಕ್ಕೆ ಊರಿನ ಕ್ಲಿನಿಕ್ಕು, ಎದೆನೋವಿಗೆ ಮಣಿಪಾಲ, ಮಗಳ ಮಾತು ಕೇಳಿ ಮುಂದಿನ ವರ್ಷ ಮಂಗಳೂರು. ಉಳಿದದ್ದೆಷ್ಟು ಅಂತ ಯಾರ ಪುಸ್ತಕ ನೋಡಿ ಹೇಳುವುದು? ಆಭಾ, ಅಂದರೆ ಸರ್ಕಾರ ಕೊಡುವ ಆರೋಗ್ಯ ಖಾತೆಯ ನಂಬರಿನಲ್ಲಿ ದಾಖಲೆಗಳು ಕೂಡಿಬಂದ ಮೇಲೆ ನೋಡೋಣ.

ಉಡುಪಿಯ ಕೂಟಕ್ಕೆ ನಾನು ಹೇಳಿದ್ದು

ಜ್ವರ, ಗಾಯ, ಹೆರಿಗೆಗೆ ಬಿಡಿ ಬಿಲ್ಲೋ ಪ್ಯಾಕೇಜೋ ಈಗಿದ್ದ ಹಾಗೇ ಇರಲಿ. ಅಪಾರ್ಟ್‌ಮೆಂಟಿನವರಿಗೆ ಕೈ ಮುಗಿಯಿರಿ. ಮಂಡಿಯ ಕಂತೆ ಒಂದು ವರ್ಷ ಬಿಟ್ಟು. ಮೊದಲು ಶುಗರಿನ ವರ್ಷದ ಕಂತೆಯಿಂದ ಶುರು ಮಾಡಿ, ನೆದರ್‌ಲ್ಯಾಂಡ್ಸಿನವರ ಹಾಗೆ ದಾಖಲಾತಿಯ ಖರ್ಚನ್ನು ಹೊರಗಿಟ್ಟು.

ಲೆಕ್ಕ ಹೀಗೆ. ಒಬ್ಬರಿಗೆ ವರ್ಷಕ್ಕೆ 3,600, ಅಂದರೆ ತಿಂಗಳಿಗೆ 300. ಅದರಲ್ಲಿ ಲ್ಯಾಬಿಗೆ 1,000, ಡಾಕ್ಟರ ನಾಲ್ಕು ಭೇಟಿಗೆ 800, ಕಣ್ಣು ಮತ್ತು ಪಾದದ ಪರೀಕ್ಷೆಗೆ 400. ಒಟ್ಟು 2,200 ಹೋದರೆ ತಲೆಗೆ 1,400 ಉಳಿಯುತ್ತದೆ. ಸಿಸ್ಟರಿಗೆ ತಿಂಗಳಿಗೆ 22,000 ಸಂಬಳ, ವರ್ಷಕ್ಕೆ 2,64,000. ಭಾಗಿಸಿದರೆ 189 ರೋಗಿಗಳು ಸೇರಿದಾಗ ಅವರ ಸಂಬಳ ಹುಟ್ಟುತ್ತದೆ. 250 ಜನ ಸೇರಿದರೆ 86,000 ಹುಂಡಿಯಲ್ಲಿ ಉಳಿಯುತ್ತದೆ. 120 ಜನ ಮಾತ್ರ ಬಂದರೆ 96,000 ಕೈಯಿಂದ ಹಾಕಬೇಕು. ಮೊದಲ ವರ್ಷ ಹಾಗೇ ಆಗುತ್ತದೆ ಅಂತ ತಿಳಿದೇ ಇಳಿಯಿರಿ ಅಂದೆ.

ಲ್ಯಾಬಿನವರು ತಮ್ಮ 1,000 ಕಡಿಮೆಯಾಯಿತು ಅಂತ ಸ್ವಲ್ಪ ಎಳೆದಾಡಿದರು. ಫಿಸಿಯೋಗೆ ಇದರಲ್ಲಿ ಏನೂ ಇಲ್ಲದ ಕಾರಣ ಬೇಗ ಎದ್ದು ಹೋದರು. ಗೋಳಿಬಜೆ ಆರುವ ಹೊತ್ತಿಗೆ ಒಪ್ಪಂದದ ಹೆಚ್ಚಿನದೆಲ್ಲ ಆಗಿತ್ತು. ಪಾಲುದಾರಿಕೆ ಸಂಸ್ಥೆ, ಪ್ರತ್ಯೇಕ ಬ್ಯಾಂಕ್ ಖಾತೆ, ಚೆಕ್ಕಿಗೆ ಇಬ್ಬರ ಸಹಿ. ಸಿಸ್ಟರ್ ಯಾರು ಅನ್ನುವುದೂ ತೀರ್ಮಾನ ಆಯಿತು. ನರ್ಸಿಂಗ್ ಹೋಮಿನಲ್ಲೇ ಹನ್ನೆರಡು ವರ್ಷ ಕೆಲಸ ಮಾಡಿದವರು, ತುಳು, ಕೊಂಕಣಿ, ಬ್ಯಾರಿ ಮೂರೂ ಮಾತಾಡುತ್ತಾರೆ.

ಆಮೇಲೆ ಕಿರಿಯ ಫ್ಯಾಮಿಲಿ ಡಾಕ್ಟರು ಕೇಳಿದರು, “ಅವ್ರು ಫೋನ್ ಮಾಡುವ ನಂಬರು? ಆ ಸಿಮ್ಮು ಯಾರ ಹೆಸರಲ್ಲಿ?”

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. 250 ಜನ ರೋಗಿಗಳು ಸೇವ್ ಮಾಡಿಕೊಳ್ಳುವ ನಂಬರು ಅದು. ನಾಳೆ ಕೂಟ ಒಡೆದರೆ ಅವರೆಲ್ಲ ಆ ನಂಬರಿನ ಹಿಂದೆಯೇ ಹೋಗುತ್ತಾರೆ. ನರ್ಸಿಂಗ್ ಹೋಮಿನವರು “ನಮ್ಮ ಹೆಸರಲ್ಲೇ ತಗೊಳ್ಳುವ, ಸುಲಭ” ಅಂದರು. ಹಿರಿಯ ಡಾಕ್ಟರು ಚಾ ಲೋಟ ಕೆಳಗಿಟ್ಟು, “ಸುಲಭ ಹೌದು, ಯಾರಿಗೆ ಅಂತ ನೋಡ್ಬೇಕು” ಅಂದರು.

ಸಂಸ್ಥೆಯ ಹೆಸರಿನಲ್ಲೇ ತೆಗೆಸಿ ಅಂತ ನಾನು ಹೇಳಿದ್ದೇನೆ. ಇನ್ನೂ ತೀರ್ಮಾನ ಆಗಿಲ್ಲ. ಬರುವ ಭಾನುವಾರ ಮತ್ತೆ ಸೇರುತ್ತಾರಂತೆ.